ಹೃದಯಾಘಾತದ ನಂತರ: ಎರಡನೆಯದು ಬಾರದಂತೆ ತಡೆಯುವುದು ಹೇಗೆ?

ಹೃದಯಾಘಾತವಾಗಿ ಆಸ್ಪತ್ರೆ ಸೇರಿದವರು ಈಗ ನಾಲ್ಕೈದು ದಿನಗಳಲ್ಲಿ ಮನೆಗೆ ಮರಳುತ್ತಾರೆ. ಕೆಲವರಿಗೆ ಸ್ಟೆಂಟ್ ಕೂಡಿಸಿರುತ್ತಾರೆ, ಕೆಲವರಿಗೆ ರಕ್ತದ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಟ್ಟಿರುತ್ತಾರೆ, ಮತ್ತೆ ಕೆಲವರಿಗೆ ಬೈಪಾಸ್ ಶಸ್ತ್ರಚಿಕಿತ್ಸೆ ಆಗಿರುತ್ತದೆ. ಕೈಯಲ್ಲಿ ಒಂದು ಡಿಸ್ಚಾರ್ಜ್ ಕಾರ್ಡು, ಒಂದು ಚೀಲ ಗುಳಿಗೆ. ಬಂಧುಬಳಗದವರು ಹಣ್ಣು ಹಿಡಿದುಕೊಂಡು ನೋಡಲು ಬರುತ್ತಾರೆ. "ದೇವರು ದೊಡ್ಡಾಂವ, ಪಾರಾದ್ರಿ" ಎನ್ನುತ್ತಾರೆ. ಮನೆಯವರೂ ಗಂಡಾಂತರ ಕಳೆಯಿತೆಂದು ನೆಮ್ಮದಿಯ ಉಸಿರು ಬಿಡುತ್ತಾರೆ.

ಗಂಡಾಂತರ ಕಳೆದದ್ದು ನಿಜ. ಆದರೆ ರೋಗ ಕಳೆದಿಲ್ಲ. ಒಮ್ಮೆ ಹೃದಯಾಘಾತವಾದವರಿಗೆ ಮತ್ತೊಮ್ಮೆ ಆಗುವ ಸಂಭವ ಉಳಿದವರಿಗಿಂತ ಹೆಚ್ಚು. ಅದರಲ್ಲೂ ಮೊದಲ ಒಂದು ವರ್ಷ ಬಹಳ ಎಚ್ಚರದ ಕಾಲ. ಎರಡನೆಯ ಆಘಾತ ಬಂದಾಗ ಹೃದಯ ಮೊದಲಿನಷ್ಟು ಗಟ್ಟಿಯಾಗಿರುವುದಿಲ್ಲ. ಆದ್ದರಿಂದ ಅದರ ಪೆಟ್ಟು ದೊಡ್ಡದು.

ಸಮಾಧಾನದ ಮಾತೆಂದರೆ, ಈ ಎರಡನೆಯ ಆಘಾತವನ್ನು ಬಹುಮಟ್ಟಿಗೆ ತಡೆಯಬಹುದು. ಅದಕ್ಕೆ ದೊಡ್ಡ ಆಸ್ಪತ್ರೆಯೂ ಬೇಡ, ದೊಡ್ಡ ಖರ್ಚೂ ಬೇಡ. ಆ ಕೆಲಸ ನಡೆಯಬೇಕಾದದ್ದು ನಿಮ್ಮ ಮನೆಯಲ್ಲಿ, ಪ್ರತಿದಿನ. ಹೇಗೆಂಬುದನ್ನು ಈ ವಾರ ತಿಳಿಯೋಣ.

ರೋಗ ಇರುವುದು ಎಲ್ಲಿ?

ಹೃದಯ ಒಂದು ಸ್ನಾಯುವಿನ ಪಂಪು. ಇಡೀ ದೇಹಕ್ಕೆ ರಕ್ತ ಒದಗಿಸುವ ಈ ಪಂಪಿಗೂ ರಕ್ತ ಬೇಕು. ಅದನ್ನು ಒದಗಿಸುವುದು ಹೃದಯದ ಮೇಲ್ಮೈಯಲ್ಲಿ ಹರಡಿರುವ ಮೂರು ಮುಖ್ಯ ರಕ್ತನಾಳಗಳು. ವರ್ಷಗಟ್ಟಲೆ ಈ ನಾಳಗಳ ಒಳಗೋಡೆಯಲ್ಲಿ ಕೊಬ್ಬು ಸೇರುತ್ತ ಹೋಗಿ ಅಲ್ಲಲ್ಲಿ ಗಂಟು ಕಟ್ಟುತ್ತದೆ. ಒಂದು ದಿನ ಯಾವುದೋ ಒಂದು ಗಂಟಿನ ಮೇಲಿನ ತೆಳ್ಳನೆಯ ಪೊರೆ ಒಡೆಯುತ್ತದೆ. ಗಾಯವಾದಲ್ಲಿ ರಕ್ತ ಹೆಪ್ಪುಗಟ್ಟುವುದು ದೇಹದ ಧರ್ಮ. ಆ ಹೆಪ್ಪು ನಾಳವನ್ನು ಮುಚ್ಚಿದಾಗ ಮುಂದಿನ ಸ್ನಾಯುವಿಗೆ ರಕ್ತ ನಿಂತು ಅದು ಸಾಯತೊಡಗುತ್ತದೆ. ಇದೇ ಹೃದಯಾಘಾತ.

ಸ್ಟೆಂಟ್ ಎಂದರೆ ಮುಚ್ಚಿದ ಆ ಒಂದು ಜಾಗವನ್ನು ತೆರೆದಿಡುವ ಲೋಹದ ಜಾಳಿಗೆ. ನಿಮ್ಮ ಓಣಿಯ ನಳದ ಪೈಪು ಒಂದು ಕಡೆ ಕಟ್ಟಿಕೊಂಡಿತೆಂದು ಅಷ್ಟೇ ಭಾಗವನ್ನು ಸರಿಪಡಿಸಿದರೆ, ಉಳಿದ ಪೈಪಿನ ಒಳಗೆ ಕೂತ ಕಿಲುಬು ಹೋಗುತ್ತದೆಯೆ? ಹಾಗೆಯೇ ಇದು. ಉಳಿದ ನಾಳಗಳಲ್ಲಿ ಇನ್ನೂ ಹಲವು ಗಂಟುಗಳಿರಬಹುದು. ಸ್ಟೆಂಟ್ ಅವುಗಳನ್ನು ಮುಟ್ಟಿಯೂ ಇಲ್ಲ. ಆ ಗಂಟುಗಳು ಬೆಳೆಯದಂತೆ, ಒಡೆಯದಂತೆ, ಒಡೆದರೂ ಅಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು ಗುಳಿಗೆಗಳ ಕೆಲಸ ಮತ್ತು ನಿಮ್ಮ ದಿನಚರಿಯ ಕೆಲಸ.

ಚೀಲದೊಳಗಿನ ಗುಳಿಗೆಗಳು

ಯಾವ ಗುಳಿಗೆ ಏನು ಮಾಡುತ್ತದೆಂದು ತಿಳಿದವರು ಅದನ್ನು ಸುಲಭವಾಗಿ ಬಿಡುವುದಿಲ್ಲ. ನಿಮ್ಮ ಚೀಟಿಯಲ್ಲಿರುವ ಹೆಸರುಗಳನ್ನು ಇವುಗಳೊಂದಿಗೆ ಹೋಲಿಸಿ ನೋಡಿ.

ಆಸ್ಪಿರಿನ್: ರಕ್ತದ ಕಣಗಳು ಒಂದಕ್ಕೊಂದು ಅಂಟಿಕೊಳ್ಳದಂತೆ ತಡೆಯುತ್ತದೆ. ಸಾಮಾನ್ಯವಾಗಿ ದಿನಕ್ಕೆ 75 ಮಿಲಿಗ್ರಾಂ, ಬಹುತೇಕ ಜನರಿಗೆ ಜೀವನಪರ್ಯಂತ. 17,000ಕ್ಕೂ ಹೆಚ್ಚು ರೋಗಿಗಳನ್ನು ಒಳಗೊಂಡು 1988ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಘಾತದ ದಿನದಿಂದ ಒಂದು ತಿಂಗಳು ಆಸ್ಪಿರಿನ್ ಕೊಟ್ಟಿದ್ದರಿಂದಲೇ ಹೃದಯ ಮತ್ತು ರಕ್ತನಾಳಗಳ ಕಾರಣದಿಂದಾಗುವ ಸಾವು ಶೇಕಡಾ 23ರಷ್ಟು ಇಳಿಯಿತು. ಅದೂ ಪುಡಿಗಾಸಿನ ಗುಳಿಗೆಯಿಂದ!

ಕ್ಲೋಪಿಡೋಗ್ರೆಲ್, ಪ್ರಾಸುಗ್ರೆಲ್ ಅಥವಾ ಟಿಕಾಗ್ರೆಲರ್: ಇವುಗಳಲ್ಲಿ ಒಂದನ್ನು ಆಸ್ಪಿರಿನ್ ಜೊತೆಗೆ ಕೊಡುತ್ತಾರೆ, ಸಾಮಾನ್ಯವಾಗಿ ಒಂದು ವರ್ಷ. ರಕ್ತಸ್ರಾವದ ಭಯವಿದ್ದವರಿಗೆ ವೈದ್ಯರು ಅವಧಿಯನ್ನು ಕಡಿಮೆ ಮಾಡಬಹುದು. ಹೊಸ ಸ್ಟೆಂಟಿನ ಲೋಹದ ಮೇಲೆ ರಕ್ತ ಹೆಪ್ಪುಗಟ್ಟದಂತೆ ಕಾಯುವುದು ಈ ಜೋಡಿಯೇ. ಮೊದಲ ತಿಂಗಳುಗಳಲ್ಲಿ ಇವನ್ನು ತಟ್ಟನೆ ಬಿಟ್ಟರೆ ಸ್ಟೆಂಟ್ ಒಮ್ಮೆಲೇ ಮುಚ್ಚಿಕೊಂಡು ಜೀವಕ್ಕೆ ಎರವಾಗಬಹುದು.

ಅಟೋರ್ವಾಸ್ಟಾಟಿನ್ ಅಥವಾ ರೋಸುವಾಸ್ಟಾಟಿನ್: ಇವು ಸ್ಟಾಟಿನ್ ಗುಂಪಿನವು. ಕೆಟ್ಟ ಕೊಬ್ಬನ್ನು ಇಳಿಸುವುದರ ಜೊತೆಗೆ ನಾಳದ ಗಂಟುಗಳನ್ನು ಗಟ್ಟಿಗೊಳಿಸಿ ಒಡೆಯದಂತೆ ನೋಡಿಕೊಳ್ಳುತ್ತವೆ. "ನನ್ನ ಕೊಲೆಸ್ಟರಾಲ್ ನಾರ್ಮಲ್ ಅದರೀ, ಈ ಗುಳಿಗಿ ಯಾಕ ಬೇಕು?" ಎಂದು ಬಹಳ ಜನ ಕೇಳುತ್ತಾರೆ. ಪ್ರಯೋಗಾಲಯದ ಚೀಟಿಯಲ್ಲಿ ಬರೆದ ನಾರ್ಮಲ್ ಆರೋಗ್ಯವಂತರಿಗೆ. ಒಮ್ಮೆ ಆಘಾತವಾದವರಿಗೆ ಅಲ್ಲ. ನಿಮ್ಮ ಎಲ್‌ಡಿಎಲ್ ಕೊಬ್ಬು 55 ಮಿಲಿಗ್ರಾಂಗಿಂತ ಕೆಳಗಿರಬೇಕೆಂಬುದು ಈಗಿನ ಗುರಿ. ಸ್ಕ್ಯಾಂಡಿನೇವಿಯಾ ದೇಶಗಳಲ್ಲಿ 4,444 ಹೃದ್ರೋಗಿಗಳ ಮೇಲೆ ನಡೆದು 1994ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ಟಾಟಿನ್ ಪಡೆದವರ ಸಾವಿನ ಪ್ರಮಾಣ ಶೇಕಡಾ 30ರಷ್ಟು ಕಡಿಮೆಯಾಗಿತ್ತು.

ಮೆಟೊಪ್ರೊಲಾಲ್‌ನಂಥ ಬೀಟಾ ಬ್ಲಾಕರ್ ಹೃದಯದ ಓಟವನ್ನು ತಗ್ಗಿಸುತ್ತದೆ. ರಾಮಿಪ್ರಿಲ್ ಅಥವಾ ಟೆಲ್ಮಿಸಾರ್ಟನ್‌ನಂಥವು ರಕ್ತದೊತ್ತಡ ಇಳಿಸಿ, ಪೆಟ್ಟು ತಿಂದ ಹೃದಯ ಹಿಗ್ಗದಂತೆ ನೋಡಿಕೊಳ್ಳುತ್ತವೆ. ಹೃದಯದ ಪಂಪು ಚೆನ್ನಾಗಿ ಉಳಿದವರಿಗೆ ಇವೆಲ್ಲವೂ ಬೇಕಾಗಲಿಕ್ಕಿಲ್ಲ. ಎಷ್ಟು, ಎಲ್ಲಿಯವರೆಗೆ ಎಂಬುದನ್ನು ಎಕೋ ಪರೀಕ್ಷೆ ನೋಡಿ ನಿಮ್ಮ ವೈದ್ಯರು ನಿರ್ಧರಿಸುತ್ತಾರೆ. ನೀವಾಗಿಯೇ ನಿಲ್ಲಿಸಬೇಡಿ. ಬೀಟಾ ಬ್ಲಾಕರನ್ನಂತೂ ಒಮ್ಮೆಲೇ ಬಿಟ್ಟರೆ ಹೃದಯ ಕಡಿವಾಣ ಕಳಚಿದ ಕುದುರೆಯಂತೆ ಓಡುತ್ತದೆ.

ಜನ ಗುಳಿಗೆ ಬಿಡುವುದು ಏಕೆ?

ಬೆಂಗೇರಿ, ಕೇಶ್ವಾಪುರದ ಕಡೆಯ ಸಾಮಾನ್ಯ ವೈದ್ಯನಾಗಿ ನಾನು ಕಂಡಂತೆ, ಮೊದಲ ತಿಂಗಳು ಯಾರೂ ಗುಳಿಗೆ ತಪ್ಪಿಸುವುದಿಲ್ಲ. ಭಯ ಹಸಿಯಾಗಿರುತ್ತದೆ. ಮೂರು ತಿಂಗಳು ಕಳೆಯಲಿ, ಒಂದೊಂದೇ ಗುಳಿಗೆ ಚೀಟಿಯಿಂದ ಉದುರತೊಡಗುತ್ತದೆ. ಪ್ರಪಂಚದ 17 ದೇಶಗಳಲ್ಲಿ ನಡೆದ ಪ್ಯೂರ್ ಎಂಬ ಅಧ್ಯಯನದ ಮುಂದಾಳು ಡಾ. ಸಲೀಂ ಯೂಸುಫ್ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿ ಓದಿದವರು. 2011ರಲ್ಲಿ ಪ್ರಕಟವಾದ ಅದರ ವರದಿಯಲ್ಲಿ ಭಾರತವೂ ಸೇರಿದ ಕಡಿಮೆ ಆದಾಯದ ದೇಶಗಳ ಚಿತ್ರ ಗಾಬರಿ ಹುಟ್ಟಿಸುವಂಥದು. ಹೃದ್ರೋಗ ಅಥವಾ ಪಾರ್ಶ್ವವಾಯು ಆಗಿದ್ದವರಲ್ಲಿ ನೂರಕ್ಕೆ 80 ಮಂದಿ ಮೇಲೆ ಹೇಳಿದ ಗುಂಪಿನ ಒಂದು ಗುಳಿಗೆಯನ್ನೂ ತೆಗೆದುಕೊಳ್ಳುತ್ತಿರಲಿಲ್ಲ!

ಕಾರಣಗಳು ಒಂದೆರಡಲ್ಲ.

"ಈಗ ಆರಾಮ ಅದೇನ್ರಿ" ಎಂಬುದು ಮೊದಲನೆಯದು. ಎದೆನೋವಿಲ್ಲ, ಮೆಟ್ಟಿಲು ಹತ್ತಿದರೆ ದಮ್ಮು ಬರುವುದಿಲ್ಲ, ಮತ್ತೇಕೆ ಗುಳಿಗೆ? ಸ್ವಾಮಿ, ನೀವು ಆರಾಮ ಇರುವುದೇ ಗುಳಿಗೆಯಿಂದ. ಮಳೆಯಲ್ಲಿ ಕೊಡೆ ಹಿಡಿದವನು ತಾನು ನೆನೆಯಲಿಲ್ಲವೆಂದು ಕೊಡೆ ಮಡಚಿದರೆ ಏನಾದೀತು?

ಎರಡನೆಯದು ದುಡ್ಡು. ಆಪರೇಶನ್ನಿಗೆ ಸಾಲ ಮಾಡಿರುತ್ತಾರೆ. ಸ್ಟೆಂಟ್ ಬೆಲೆಗೆ 2017ರ ಫೆಬ್ರುವರಿಯಲ್ಲಿ ಕೇಂದ್ರ ಸರ್ಕಾರ ಮಿತಿ ಹಾಕಿದ ಮೇಲೆ ಆ ಹೊರೆ ತಗ್ಗಿದರೂ, ತಿಂಗಳ ಗುಳಿಗೆಯ ಖರ್ಚು ಕೈಕಚ್ಚುತ್ತದೆ. ಆಗ ಜನ ದಿನ ಬಿಟ್ಟು ದಿನ ನುಂಗುತ್ತಾರೆ, ಇಲ್ಲವೆ ಅರ್ಧ ಮುರಿದು ನುಂಗುತ್ತಾರೆ. ಇದಕ್ಕೆ ದಾರಿಯಿದೆ. ಕಂಪನಿಯ ಹೆಸರಿಲ್ಲದ ಜೆನೆರಿಕ್ ಗುಳಿಗೆಗಳು ಜನೌಷಧಿ ಕೇಂದ್ರಗಳಲ್ಲಿ ಬಹಳ ಕಡಿಮೆ ಬೆಲೆಗೆ ಸಿಗುತ್ತವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಯ ಗುಳಿಗೆಗಳನ್ನು ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ಕೊಡುತ್ತಾರೆ. ದುಡ್ಡಿನ ತೊಂದರೆಯನ್ನು ವೈದ್ಯರ ಮುಂದೆ ಹೇಳಲು ನಾಚಿಕೆಪಡಬೇಡಿ. ಹೇಳಿದರೆ ಅಗ್ಗದ ಗುಳಿಗೆ ಬರೆದುಕೊಡಬಹುದು; ಹೇಳದೆ ಬಿಟ್ಟರೆ ನಮಗೆ ಗೊತ್ತಾಗುವುದು ಎರಡನೆಯ ಆಘಾತದ ದಿನವೇ.

ಮೂರನೆಯದು ಹೊಟ್ಟೆ. ಆಸ್ಪಿರಿನ್ನಿನಿಂದ ಎದೆ ಉರಿ, ಹೊಟ್ಟೆ ಸಂಕಟ ಆಗಬಹುದು. ಊಟದ ನಂತರ ತೆಗೆದುಕೊಂಡರೆ, ಜೊತೆಗೆ ಆಮ್ಲ ತಗ್ಗಿಸುವ ಗುಳಿಗೆ ಬರೆಸಿಕೊಂಡರೆ ಬಹುತೇಕ ಸರಿಹೋಗುತ್ತದೆ. ಆದರೆ ಮಲ ಡಾಂಬರಿನಂತೆ ಕಪ್ಪಾಗಿ ಹೋದರೆ, ರಕ್ತ ವಾಂತಿಯಾದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ರಾಮಿಪ್ರಿಲ್‌ನಿಂದ ಒಣಕೆಮ್ಮು, ಸ್ಟಾಟಿನ್‌ನಿಂದ ಕೆಲವರಿಗೆ ಮೈಕೈ ನೋವು ಬರುವುದುಂಟು. ಬದಲಿ ಗುಳಿಗೆಗಳಿವೆ. ಕೇಳಿ, ಬದಲಿಸಿಕೊಳ್ಳಿ, ಬಿಡಬೇಡಿ.

ನಾಲ್ಕನೆಯದು ಹಲ್ಲು. ಐವತ್ತು ದಾಟಿದ ಅಂಗಡಿಕಾರರೊಬ್ಬರ ಸಂಗತಿ ಹೇಳುತ್ತೇನೆ. ಸ್ಟೆಂಟ್ ಹಾಕಿಸಿಕೊಂಡು ಎರಡು ತಿಂಗಳಾಗಿತ್ತು. ದವಡೆ ಹಲ್ಲು ಕೀಳಿಸಬೇಕಾಯಿತು. ರಕ್ತ ನಿಲ್ಲಲಿಕ್ಕಿಲ್ಲವೆಂದು ಯಾರೋ ನೆರೆಯವರು ಹೆದರಿಸಿದರು. ಇವರು ಯಾರನ್ನೂ ಕೇಳದೆ ರಕ್ತ ತೆಳುವಾಗಿಸುವ ಎರಡೂ ಗುಳಿಗೆಗಳನ್ನು ಒಂದು ವಾರ ನಿಲ್ಲಿಸಿದರು. ಹಲ್ಲು ಕೀಳಿಸುವ ಮೊದಲೇ, ಆರನೆಯ ದಿನ ಬೆಳಗಿನ ಜಾವ ಎದೆ ಹಿಡಿದುಕೊಂಡಿತು. ಜೀವ ಉಳಿಯಿತು. ಆದರೆ ಹೃದಯದ ಸ್ನಾಯುವಿನ ದೊಡ್ಡ ಭಾಗ ಸತ್ತುಹೋಗಿತ್ತು. ಮೂಟೆ ಎತ್ತುತ್ತಿದ್ದವರು ಈಗ ಅಂಗಡಿಯ ಗಲ್ಲೆಯ ಮುಂದೆ ಕೂತು ಮಗನಿಗೆ ಕೆಲಸ ಹೇಳುತ್ತಾರೆ. ನೆನಪಿಡಿ: ಹಲ್ಲು ಕೀಳಲು ಈ ಗುಳಿಗೆಗಳನ್ನು ಸಾಮಾನ್ಯವಾಗಿ ನಿಲ್ಲಿಸಬೇಕಾಗಿಲ್ಲ. ದಂತವೈದ್ಯರಿಗೆ ಸ್ಟೆಂಟಿನ ವಿಷಯ ಮೊದಲೇ ತಿಳಿಸಿದರೆ ರಕ್ತ ನಿಲ್ಲಿಸುವ ಉಪಾಯ ಅವರು ಬಲ್ಲರು. ಬೇರೆ ಯಾವ ಶಸ್ತ್ರಚಿಕಿತ್ಸೆಗೂ ಹೃದಯ ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ.

ಐದನೆಯದು ಉಪವಾಸ. ಶ್ರಾವಣ ಸೋಮವಾರ, ಏಕಾದಶಿ, ರಂಜಾನ್ ಬಂದಾಗ ಊಟದ ಜೊತೆ ಗುಳಿಗೆಯೂ ನಿಲ್ಲುತ್ತದೆ. ಗುಳಿಗೆಯ ವೇಳೆಯನ್ನು ಹೊಂದಿಸಿಕೊಡಲು ಸಾಧ್ಯವಿದೆ, ಮುಂಚಿತವಾಗಿ ಕೇಳಬೇಕಷ್ಟೆ. ಆಘಾತವಾದ ಹೊಸತರಲ್ಲಿ ಮತ್ತು ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತೆಗೆದುಕೊಳ್ಳುವವರು ಕಟ್ಟುನಿಟ್ಟಿನ ಉಪವಾಸ ಮಾಡದಿರುವುದೇ ಲೇಸು.

ಕೊನೆಯದು ಮನೆಮದ್ದು. ಮತ್ತಿ ಮರದ ತೊಗಟೆಯ ಕಷಾಯ, ಬೆಳ್ಳುಳ್ಳಿ ಎಂದು ಸಲಹೆ ಕೊಡುವವರಿಗೆ ಬರವಿಲ್ಲ. ಬೆಳ್ಳುಳ್ಳಿಯನ್ನು ಅಡುಗೆಯಲ್ಲಿ ಧಾರಾಳವಾಗಿ ತಿನ್ನಿ. ಆದರೆ ಗುಳಿಗೆಯ ಬದಲು ಕಷಾಯ ಎಂಬುದು ಜೀವದೊಡನೆ ಜೂಜು.

ಮಂಡಿನೋವಿಗೆ ಕಂಡ ಗುಳಿಗೆ ಬೇಡ

ಬಿಡಬಾರದ ಗುಳಿಗೆಗಳಿರುವಂತೆ, ನುಂಗಬಾರದವೂ ಇವೆ. ಮಂಡಿನೋವು, ಬೆನ್ನುನೋವಿಗೆ ಔಷಧ ಅಂಗಡಿಯಿಂದ ಜನ ತಾವೇ ತರುವ ಡೈಕ್ಲೊಫಿನಾಕ್, ಐಬುಪ್ರೊಫೆನ್, ಎಟೊರಿಕಾಕ್ಸಿಬ್‌ನಂಥ ನೋವಿನ ಗುಳಿಗೆಗಳು ಹೃದಯಾಘಾತದ ಅಪಾಯವನ್ನು ಹೆಚ್ಚಿಸುತ್ತವೆ. ಇವುಗಳಲ್ಲಿ ಐಬುಪ್ರೊಫೆನ್ ಆಸ್ಪಿರಿನ್ನಿನ ಕೆಲಸವನ್ನೇ ಕೆಡಿಸಬಲ್ಲದು. ನೋವಿಗೆ, ಜ್ವರಕ್ಕೆ ಪ್ಯಾರಾಸಿಟಮಾಲ್ ಸಾಮಾನ್ಯವಾಗಿ ಸುರಕ್ಷಿತ. ಯಾವುದೇ ಹೊಸ ಗುಳಿಗೆ ಬರೆಸಿಕೊಳ್ಳುವಾಗ "ನನಗೆ ಹೃದಯಾಘಾತ ಆಗಿದೆ" ಎಂದು ಮೊದಲು ಹೇಳಿ.

ಬೀಡಿ, ಸಿಗರೇಟು, ತಂಬಾಕು

ಇದರಲ್ಲಿ ರಾಜಿಯಿಲ್ಲ. ಬೆಂಗಳೂರಿನಲ್ಲಿ ಮೊದಲ ಸಲ ಹೃದಯಾಘಾತವಾದ 200 ಜನರನ್ನು ಆರೋಗ್ಯವಂತರಾದ 200 ಜನರೊಂದಿಗೆ ಹೋಲಿಸಿ ಸೇಂಟ್ ಜಾನ್ಸ್ ಆಸ್ಪತ್ರೆಯ ವೈದ್ಯರು 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಎಲ್ಲಕ್ಕಿಂತ ಎದ್ದು ಕಂಡ ಕಾರಣ ಸಿಗರೇಟು ಮತ್ತು ಬೀಡಿ. ಬೀಡಿ ಸಣ್ಣದು, ಅದರಿಂದೇನಾಗದು ಎಂಬ ನಂಬಿಕೆಗೆ ಆಧಾರವಿಲ್ಲ. ಇನ್ನೊಂದು ಮುಖವೂ ಇದೆ: ಆಘಾತದ ನಂತರ ಧೂಮಪಾನ ಬಿಟ್ಟವರಲ್ಲಿ ಮುಂದೆ ಸಾವಿನ ಸಂಭವ ಸುಮಾರು ಮೂರನೆಯ ಒಂದು ಪಾಲಿನಷ್ಟು ಇಳಿಯುತ್ತದೆ. ಇಷ್ಟು ಫಲ ಕೊಡುವ ಗುಳಿಗೆ ಯಾವ ಅಂಗಡಿಯಲ್ಲೂ ಇಲ್ಲ.

ರಾಜ್ಯದಲ್ಲಿ 2013ರಲ್ಲಿ ಗುಟಖಾ ನಿಷೇಧವಾದ ಮೇಲೂ, ಪಾನ್ ಮಸಾಲಾ ಒಂದು ಪೊಟ್ಟಣ, ತಂಬಾಕು ಒಂದು ಪೊಟ್ಟಣ ಕೊಂಡು ಅಂಗೈಯಲ್ಲಿ ಬೆರೆಸುವವರಿದ್ದಾರೆ. ಹೊಗೆ ಇಲ್ಲದಿದ್ದರೂ ತಂಬಾಕಿನ ನಿಕೊಟಿನ್ ರಕ್ತನಾಳ ಬಿಗಿಯುತ್ತದೆ, ಒತ್ತಡ ಏರಿಸುತ್ತದೆ. ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಹಾಕಿಕೊಳ್ಳುವ ತಾಯಂದಿರಿಗೂ ಈ ಮಾತು ಸಲ್ಲುತ್ತದೆ. "ಕಡಿಮೆ ಮಾಡೇನ್ರಿ" ಎನ್ನಬೇಡಿ, ಪೂರ್ತಿ ಬಿಡಿ. ಆಗದಿದ್ದರೆ ನಿಕೊಟಿನ್ ಚ್ಯೂಯಿಂಗ್ ಗಮ್, ಆಪ್ತಸಲಹೆಯ ನೆರವಿದೆ, ವೈದ್ಯರನ್ನು ಕೇಳಿ.

ಅಡುಗೆಮನೆಯಲ್ಲಿ

ನಮ್ಮ ಕಡೆಯ ಊಟ ಮೂಲದಲ್ಲಿ ಒಳ್ಳೆಯದೇ. ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ಮೆಂತ್ಯ, ಮೂಲಂಗಿ, ಹಕ್ಕರಕಿ ಸೊಪ್ಪು, ಸೌತೆಕಾಯಿ, ಅಗಸಿ ಹಿಂಡಿ, ಮಜ್ಜಿಗೆ: ಇದಕ್ಕಿಂತ ಹೃದಯಕ್ಕೆ ಹಿತವಾದ ತಾಟನ್ನು ಯಾವ ವಿದೇಶಿ ಪುಸ್ತಕವೂ ಹೇಳದು. ಕೆಡುವುದು ಎರಡು ಕಡೆ.

ಮೊದಲನೆಯದು ಎಣ್ಣೆ. ಒಬ್ಬರಿಗೆ ತಿಂಗಳಿಗೆ ಹೆಚ್ಚೆಂದರೆ ಅರ್ಧ ಲೀಟರ್ ಲೆಕ್ಕ ಹಿಡಿಯಿರಿ. ನಾಲ್ಕು ಜನರ ಮನೆಗೆ ಎರಡು ಲೀಟರ್. ಶೇಂಗಾ ಎಣ್ಣೆಯೋ ಕುಸುಬಿ ಎಣ್ಣೆಯೋ ಎಂಬ ಚರ್ಚೆಗಿಂತ ಈ ಅಳತೆ ಮುಖ್ಯ. ಎಣ್ಣೆಗಾಯಿಯಲ್ಲಿ ಬದನೆಕಾಯಿ ತೇಲುವುದು ಬೇಡ. ಸಂಜೆಯ ಗಿರ್ಮಿಟ್ಟಿನ ಜೊತೆ ಮಿರ್ಚಿ ಭಜಿ ಬೇಕೇ ಬೇಕು ಎನ್ನುವವರು ಒಂದು ಮಾತು ತಿಳಿಯಿರಿ: ಒಮ್ಮೆ ಕರಿದ ಎಣ್ಣೆಯನ್ನೇ ಮತ್ತೆ ಮತ್ತೆ ಕಾಯಿಸಿದಾಗ ಅದರಲ್ಲಿ ಹುಟ್ಟುವ ವಸ್ತುಗಳು ರಕ್ತನಾಳಕ್ಕೆ ಕೆಡುಕು. ವನಸ್ಪತಿ ಮತ್ತು ಬೇಕರಿ ಪದಾರ್ಥ ದೂರವಿಡಿ.

ಎರಡನೆಯದು ಉಪ್ಪು. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ ಒಬ್ಬರಿಗೆ 5 ಗ್ರಾಂಗಿಂತ ಕಡಿಮೆ ಎನ್ನುತ್ತದೆ, ಅಂದರೆ ಒಂದು ಸಣ್ಣ ಚಮಚೆಯಷ್ಟು. ಪಲ್ಯ, ಸಾರಿನ ಉಪ್ಪಿಗೇ ಅದು ಮುಗಿದಿರುತ್ತದೆ. ಮೇಲೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಶೇಂಗಾ ಚಟ್ನಿಪುಡಿ, ಖಾರದ ಡಾಣಿ ಸೇರಿದರೆ ಲೆಕ್ಕ ತಪ್ಪುತ್ತದೆ. ರಕ್ತದೊತ್ತಡ 130/80ರ ಕೆಳಗೆ ಇರಬೇಕಾದರೆ ಇವು ಹಬ್ಬಕ್ಕೆ ಮಾತ್ರ ಇರಲಿ.

ಮಾಂಸಾಹಾರಿಗಳು ಕೊಬ್ಬಿನ ಕುರಿಮಾಂಸದ ಬದಲು ಮೀನು, ಚರ್ಮ ತೆಗೆದ ಕೋಳಿ ಆರಿಸಿಕೊಳ್ಳಿ. ಸಕ್ಕರೆ ಕಾಯಿಲೆ ಇದ್ದವರು ಧಾರವಾಡ ಫೇಡೆಯನ್ನು ಬಂದ ಅತಿಥಿಗಳಿಗೆ ಕೊಡಿ. ನಿಮ್ಮ ಮೂರು ತಿಂಗಳ ಸರಾಸರಿ ಸಕ್ಕರೆ ಸಾಮಾನ್ಯವಾಗಿ 7ರ ಕೆಳಗೆ ಇರಬೇಕು. ಮದ್ಯ ಹೃದಯಕ್ಕೆ ಒಳ್ಳೆಯದೆಂಬ ಮಾತನ್ನು ನಂಬಿ ಕುಡಿಯಬೇಡಿ.

ಇನ್ನೊಂದು ಸೂಚನೆ. ರೋಗಿಗೆ ಬೇರೆ ಅಡುಗೆ, ಮನೆಯವರಿಗೆ ಬೇರೆ ಅಡುಗೆ ಮಾಡಬೇಡಿ. ಹದಿನೈದು ದಿನದಲ್ಲಿ ಅದು ನಿಂತುಹೋಗುತ್ತದೆ. ಅಪ್ಪನಿಗೆ ಆಘಾತವಾಗಿದ್ದರೆ ಮಕ್ಕಳಿಗೂ ಅಪಾಯ ಹೆಚ್ಚು. ಎಲ್ಲರೂ ಒಂದೇ ಊಟ ಮಾಡಿ.

ಮಂಚ ಬಿಟ್ಟು ಏಳಿ

ಆಘಾತವಾದವರು ತಿಂಗಳುಗಟ್ಟಲೆ ಮಲಗಿರಬೇಕೆಂಬುದು ಹಳೆಯ ನಂಬಿಕೆ. ಒಂದು ಕಾಲಕ್ಕೆ ವೈದ್ಯರೂ ಹಾಗೇ ಹೇಳುತ್ತಿದ್ದರು. ಅಮೆರಿಕದ ಬಾಸ್ಟನ್ನಿನ ವೈದ್ಯರಾದ ಲೆವಿನ್ ಮತ್ತು ಲೌನ್ 1952ರಲ್ಲಿ ರೋಗಿಗಳನ್ನು ಹಾಸಿಗೆಯಿಂದ ಎಬ್ಬಿಸಿ ಕುರ್ಚಿಯಲ್ಲಿ ಕೂಡಿಸಿ, ಅದರಿಂದ ಕೇಡಿಲ್ಲ, ಒಳ್ಳೆಯದೇ ಎಂದು ತೋರಿಸಿದರು. 1955ರ ಸೆಪ್ಟೆಂಬರಿನಲ್ಲಿ ಅಮೆರಿಕದ ಅಧ್ಯಕ್ಷ ಐಸೆನ್‌ಹೋವರ್ ಅವರಿಗೇ ಹೃದಯಾಘಾತವಾಯಿತು. ಅವರು ಮತ್ತೆ ಕೆಲಸಕ್ಕೆ ಹಿಂದಿರುಗಿದ್ದಲ್ಲದೆ ಮರುವರ್ಷ ಚುನಾವಣೆಯನ್ನೂ ಗೆದ್ದರು. ಹೃದಯಾಘಾತವಾದವನು ಕೆಲಸಕ್ಕೆ ಬಾರದವನು ಎಂಬ ಭಾವನೆ ಅಂದಿನಿಂದ ಸಡಿಲವಾಯಿತು.

ತೊಡಕುಗಳಿಲ್ಲದೆ ಮನೆಗೆ ಬಂದವರು ಮೊದಲ ವಾರ ಮನೆಯಂಗಳದಲ್ಲಿ ಐದು ಹತ್ತು ನಿಮಿಷ, ದಿನಕ್ಕೆರಡು ಬಾರಿ ನಡೆಯಲಿ. ವಾರಕ್ಕೆ ಐದು ನಿಮಿಷದಂತೆ ಏರಿಸುತ್ತ ಒಂದೂವರೆ ತಿಂಗಳಲ್ಲಿ ಅರ್ಧ ಗಂಟೆಗೆ ಮುಟ್ಟಿ. ವಾರಕ್ಕೆ ಕನಿಷ್ಠ ಐದು ದಿನ ಇರಲಿ. ಅಳತೆ ಸುಲಭ: ನಡೆಯುವಾಗ ಜೊತೆಗಾರರೊಡನೆ ಮಾತನಾಡಲು ಆಗಬೇಕು, ಹಾಡು ಹೇಳಲು ಆಗಬಾರದು. ಎದೆ ಬಿಗಿದರೆ, ತಲೆ ತಿರುಗಿದರೆ ಅಲ್ಲೇ ನಿಲ್ಲಿ. ಉಣಕಲ್ ಕೆರೆಯ ದಂಡೆ, ತೋಳನಕೆರೆ ಸಮತಟ್ಟಾದ ಒಳ್ಳೆಯ ಜಾಗಗಳು. ನೃಪತುಂಗ ಬೆಟ್ಟದ ಏರು ಈಗಲೇ ಬೇಡ. ವೈದ್ಯರು ಟ್ರೆಡ್‌ಮಿಲ್ ಪರೀಕ್ಷೆ ಮಾಡಿ ಒಪ್ಪಿಗೆ ಕೊಟ್ಟ ಮೇಲೆ ಹತ್ತಿ. ಊಟವಾದ ಕೂಡಲೇ, ಸುಡುಬಿಸಿಲಿನಲ್ಲಿ ನಡೆಯಬೇಡಿ.

ಯೋಗ ಮಾಡಬಹುದೆ? ಧಾರಾಳವಾಗಿ. ನಮ್ಮ ದೇಶದ 24 ಆಸ್ಪತ್ರೆಗಳಲ್ಲಿ ಸುಮಾರು 4,000 ಹೃದಯಾಘಾತದ ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಯೋಗ ಕಲಿತವರು ತಮ್ಮ ಹಿಂದಿನ ದಿನಚರಿಗೆ ಚೆನ್ನಾಗಿ ಮರಳಿದರು. ಆದರೆ ಸಾವು ಅಥವಾ ಮರು ಆಘಾತ ಇಳಿಯಿತೆಂದು ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಕಾಣಲಿಲ್ಲ. ಅಂದರೆ ಯೋಗ ಗುಳಿಗೆಯ ಜೊತೆಗೆ ಇರಲಿ, ಅದರ ಬದಲಿಗೆ ಅಲ್ಲ.

ಕುಳಿತು ಮಾಡುವ ಕೆಲಸಕ್ಕೆ ಎರಡರಿಂದ ನಾಲ್ಕು ವಾರದಲ್ಲಿ, ಭಾರ ಎತ್ತುವ ಕೆಲಸಕ್ಕೆ ಒಂದೂವರೆ ತಿಂಗಳ ಮೇಲೆ ಪರೀಕ್ಷೆ ಮಾಡಿಸಿಕೊಂಡು ಹಿಂದಿರುಗಬಹುದು. ಬೈಪಾಸ್ ಆದವರಿಗೆ ಎದೆಯ ಎಲುಬು ಕೂಡಲು ಇನ್ನೂ ಹೆಚ್ಚು ಸಮಯ ಬೇಕು.

ಹೇಳಿಕೊಳ್ಳದ ಸಂಗತಿಗಳು

ಆಘಾತದ ನಂತರ ಬಹಳ ಜನ ಒಳಗೊಳಗೇ ಕುಗ್ಗುತ್ತಾರೆ. ರಾತ್ರಿ ಮಲಗಿದರೆ ಎದ್ದೇನೋ ಇಲ್ಲವೋ ಎಂಬ ಭಯ, ಸಣ್ಣ ಮಾತಿಗೆ ಕಣ್ಣೀರು, ಸಿಟ್ಟು. ಇದು ದೌರ್ಬಲ್ಯವಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ಮನಸ್ಸು ಹೀಗೆ ಉಳಿದರೆ ವೈದ್ಯರಿಗೆ ಹೇಳಿ. ಖಿನ್ನತೆ ಇದ್ದವರು ಗುಳಿಗೆಯನ್ನೂ ಮರೆಯುತ್ತಾರೆ, ನಡಿಗೆಯನ್ನೂ ಬಿಡುತ್ತಾರೆ.

ಗಂಡ ಹೆಂಡಿರು ಕೇಳಲು ಸಂಕೋಚಪಡುವ ಪ್ರಶ್ನೆ ಇನ್ನೊಂದು. ಎರಡು ಮಹಡಿ ಮೆಟ್ಟಿಲನ್ನು ಎದೆನೋವು, ದಮ್ಮು ಇಲ್ಲದೆ ಹತ್ತಬಲ್ಲವರು ಸಾಮಾನ್ಯವಾಗಿ ದಾಂಪತ್ಯ ಜೀವನಕ್ಕೂ ಮರಳಬಹುದು. ಆದರೆ ನಾಲಿಗೆಯ ಕೆಳಗಿಡುವ ಸಾರ್ಬಿಟ್ರೇಟ್‌ನಂಥ ಗುಳಿಗೆ ಬಳಸುವವರು ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್ ಜಾತಿಯ ಗುಳಿಗೆ ತೆಗೆದುಕೊಳ್ಳಲೇಬಾರದು. ರಕ್ತದೊತ್ತಡ ಪಾತಾಳಕ್ಕಿಳಿದು ಪ್ರಾಣ ಹೋಗಬಹುದು.

ಮೂರನೆಯ ಮಾತು ಹೆಣ್ಣುಮಕ್ಕಳಿಗೆ. ಹೃದಯಾಘಾತ ಗಂಡಸರ ರೋಗವೆಂಬ ತಪ್ಪು ತಿಳಿವಳಿಕೆ ಇನ್ನೂ ಇದೆ. ನಮ್ಮ ಬೆಂಗೇರಿಯ ಖಾದಿ ಗ್ರಾಮೋದ್ಯೋಗ ಸಂಯುಕ್ತ ಸಂಘದಲ್ಲಿ ದೇಶದ ಬಾವುಟ ಸಿದ್ಧಪಡಿಸುವ ಕೈಗಳಲ್ಲಿ ಹೆಚ್ಚಿನವು ಹೆಣ್ಣುಮಕ್ಕಳವು. ಒಂದು ಹೊಲಿಗೆ ತಪ್ಪದಂತೆ ನೋಡುವ ಇಂಥ ತಾಯಂದಿರು, ಗಂಡನ ಗುಳಿಗೆಯನ್ನು ಗಡಿಯಾರ ನೋಡಿ ಕೊಡುವವರು, ತಮ್ಮ ಗುಳಿಗೆಯನ್ನು ಮಾತ್ರ ಮರೆಯುತ್ತಾರೆ. ಅವರಲ್ಲಿ ಆಘಾತ ಎದೆನೋವಿಗಿಂತ ದಮ್ಮು, ವಿಪರೀತ ದಣಿವು, ಬೆವರು, ವಾಕರಿಕೆ, ದವಡೆ ಅಥವಾ ಬೆನ್ನಿನ ನೋವಾಗಿ ಬರುವುದೂ ಉಂಟು. ಅವರ ಚೀಟಿಯನ್ನೂ ಮನೆಯವರು ಯಾರಾದರೂ ನೋಡಬೇಕು.

ಮನೆಯಲ್ಲಿ ಕೇಳುವವರೊಬ್ಬರಿರಲಿ

ಸೇಂಟ್ ಜಾನ್ಸ್ ಸಂಶೋಧಕರ ಮುಂದಾಳತನದಲ್ಲಿ ದೇಶದ 14 ಆಸ್ಪತ್ರೆಗಳಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನವೊಂದು ನನಗೆ ಬಹಳ ಹಿಡಿಸಿದೆ. ಹೃದಯಾಘಾತದಂಥ ತೊಂದರೆಯಾಗಿ ಮನೆಗೆ ಹೋಗುವ 800ಕ್ಕೂ ಹೆಚ್ಚು ಜನರಲ್ಲಿ ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಆಗಾಗ ಕಂಡು, ಗುಳಿಗೆ ತೆಗೆದುಕೊಂಡಿರಾ, ನಡೆದಿರಾ, ಬೀಡಿ ಬಿಟ್ಟಿರಾ ಎಂದು ವಿಚಾರಿಸಿದರು. ಇವರು ವೈದ್ಯರಲ್ಲ, ಕೇಳುವವರು ಅಷ್ಟೆ. ಒಂದು ವರ್ಷದ ನಂತರ ಈ ಗುಂಪಿನ ಧೂಮಪಾನಿಗಳಲ್ಲಿ ಶೇಕಡಾ 85 ಮಂದಿ ಬಿಟ್ಟಿದ್ದರು; ಯಾರೂ ಕೇಳದ ಗುಂಪಿನಲ್ಲಿ ಬಿಟ್ಟವರು ಶೇಕಡಾ 52. ಆ ಕೇಳುವವರು ನಿಮ್ಮ ಮನೆಯಲ್ಲೇ ಇರಬಹುದು: ಮಗಳು, ಸೊಸೆ, ಶಾಲೆಗೆ ಹೋಗುವ ಮೊಮ್ಮಗ. ಗೋಡೆಯ ಪಂಚಾಂಗದ ಮೇಲೆ ದಿನವೂ ಗುಳಿಗೆಗೆ ಒಂದು ಗುರುತು ಹಾಕುವ ಕೆಲಸ ಆ ಮಗುವಿಗೆ ಕೊಡಿ.

2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹೃದಯಾಘಾತದ ಸಾವುಗಳ ಸುದ್ದಿ ಹಬ್ಬಿದಾಗ, ಯಾವ ತೊಂದರೆಯೂ ಇಲ್ಲದ ಜನ ಜಯದೇವ ಆಸ್ಪತ್ರೆಯ ಮುಂದೆ ಇಸಿಜಿಗಾಗಿ ಸಾಲು ನಿಂತರು. ಸರ್ಕಾರದ ತಜ್ಞರ ಸಮಿತಿ ಪರಿಶೀಲಿಸಿದಾಗ ಕೋವಿಡ್ ಲಸಿಕೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ. ರಕ್ತದೊತ್ತಡ, ಸಕ್ಕರೆ, ತಂಬಾಕು, ಕೊಬ್ಬು ಎಂಬ ಹಳೆಯ ಕಾರಣಗಳೇ ಎದುರಾದವು. ಭಯಪಟ್ಟು ಸಾಲು ನಿಲ್ಲುವುದಕ್ಕಿಂತ, ಒಮ್ಮೆ ಆಘಾತವಾದವರು ಹೇಳಿದ ದಿನ ತಪಾಸಣೆಗೆ ಹೋಗುವುದು ಹೆಚ್ಚು ಉಪಯುಕ್ತ. ವರ್ಷಕ್ಕೊಮ್ಮೆ ಫ್ಲೂ ಲಸಿಕೆ ಹಾಕಿಸಿಕೊಳ್ಳುವುದೂ ಹೃದ್ರೋಗಿಗಳಿಗೆ ಒಳ್ಳೆಯದು.

ಮತ್ತೆ ಎದೆನೋವು ಬಂದರೆ

ಮಾಡುತ್ತಿದ್ದ ಕೆಲಸ ನಿಲ್ಲಿಸಿ ಕುಳಿತುಕೊಳ್ಳಿ. ವೈದ್ಯರು ಬರೆದುಕೊಟ್ಟಿದ್ದರೆ ಸಾರ್ಬಿಟ್ರೇಟ್ ಗುಳಿಗೆಯೊಂದನ್ನು ನಾಲಿಗೆಯ ಕೆಳಗಿಡಿ. ನಿಂತುಕೊಂಡು ಇಟ್ಟುಕೊಳ್ಳಬೇಡಿ, ತಲೆ ತಿರುಗಿ ಬೀಳಬಹುದು. ಐದು ನಿಮಿಷದಲ್ಲಿ ನೋವು ಇಳಿಯದಿದ್ದರೆ ತಡ ಮಾಡದೆ 108ಕ್ಕೆ ಕರೆ ಮಾಡಿ. ಅಲರ್ಜಿ, ರಕ್ತಸ್ರಾವದ ತೊಂದರೆ ಇಲ್ಲದವರು 300 ಮಿಲಿಗ್ರಾಂ ಆಸ್ಪಿರಿನ್ ಅಗಿದು ನುಂಗಬಹುದು. ಗ್ಯಾಸ್ ಇರಬೇಕೆಂದು ಸೋಡಾ ಕುಡಿದು ಬೆಳಗಾಗಲೆಂದು ಕಾಯಬೇಡಿ. ತಾವೇ ಗಾಡಿ ಓಡಿಸಿಕೊಂಡು ಹೋಗುವ ಸಾಹಸವೂ ಬೇಡ.

ಹೆಪ್ಪು ಕರಗಿಸುವ ಇಂಜೆಕ್ಷನ್ ಎಷ್ಟು ಬೇಗ ಬಿದ್ದರೆ ಅಷ್ಟು ಸ್ನಾಯು ಉಳಿಯುತ್ತದೆ. 2021ರ ಅಕ್ಟೋಬರ್ 29ರಂದು 46ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡ ನಟ ಪುನೀತ್ ರಾಜ್‌ಕುಮಾರ್ ಅವರ ಹೆಸರಿನ ಹೃದಯಜ್ಯೋತಿ ಯೋಜನೆಯಲ್ಲಿ, ತಾಲ್ಲೂಕು ಮತ್ತು ಜಿಲ್ಲಾ ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು ದೂರದ ತಜ್ಞರಿಗೆ ಕಳಿಸಿ ಈ ಇಂಜೆಕ್ಷನ್ ಉಚಿತವಾಗಿ ಕೊಡುವ ವ್ಯವಸ್ಥೆ ಆಗಿದೆ. ಹುಬ್ಬಳ್ಳಿಯವರು ಎಲ್ಲಿಗೆ ಹೋಗಬೇಕೆಂಬುದನ್ನು ಇಂದೇ ಮನೆಮಂದಿಯೊಡನೆ ಮಾತಾಡಿ ನಿರ್ಧರಿಸಿಡಿ. ಡಿಸ್ಚಾರ್ಜ್ ಕಾರ್ಡು, ಹಳೆಯ ಇಸಿಜಿ, ಗುಳಿಗೆಯ ಚೀಟಿ ಒಂದೇ ಚೀಲದಲ್ಲಿ, ಎಲ್ಲರಿಗೂ ಗೊತ್ತಿರುವ ಜಾಗದಲ್ಲಿರಲಿ.

ನೆನಪಿಡಿ

* ಸ್ಟೆಂಟ್ ಒಂದು ಜಾಗ ತೆರೆದಿದೆ, ರೋಗ ಗುಣವಾಗಿಲ್ಲ.
* ವೈದ್ಯರನ್ನು ಕೇಳದೆ ಒಂದು ಗುಳಿಗೆಯನ್ನೂ ನಿಲ್ಲಿಸಬೇಡಿ. ಖಾಲಿಯಾಗುವ ಒಂದು ವಾರ ಮೊದಲೇ ತರಿಸಿಡಿ.
* ತಂಬಾಕು ಯಾವ ರೂಪದಲ್ಲೂ ಬೇಡ.
* ದಿನಕ್ಕೆ ಅರ್ಧ ಗಂಟೆ ನಡೆಯಿರಿ. ಎಣ್ಣೆ, ಉಪ್ಪು ಅಳೆದು ಬಳಸಿ.
* ರಕ್ತದೊತ್ತಡ 130/80ರ ಕೆಳಗೆ, ಎಲ್‌ಡಿಎಲ್ 55ರ ಕೆಳಗೆ. ನಿಮ್ಮ ಅಂಕಿ ಎಷ್ಟೆಂದು ನಿಮಗೆ ಬಾಯಿಪಾಠ ಇರಲಿ.
* ಎದೆನೋವು ಐದು ನಿಮಿಷ ಮೀರಿದರೆ 108.

ಮೊದಲನೆಯ ಆಘಾತ ಹೇಳದೆ ಕೇಳದೆ ಬಂದಿರಬಹುದು. ಎರಡನೆಯದಕ್ಕೆ ಬಾಗಿಲು ತೆರೆಯುವುದೂ ಮುಚ್ಚುವುದೂ ಬಹುಮಟ್ಟಿಗೆ ನಿಮ್ಮ ಕೈಯಲ್ಲಿದೆ. ಇಂದು ರಾತ್ರಿಯ ಗುಳಿಗೆ ತೆಗೆದುಕೊಂಡಿರಾ?